ಎದುರುಬದುರು ಕೋಣೆಗಳ ಬೀಜಗಣಿತ

ಸುಪೀರಿಯರ್ ಸರೋವರದ ದಂಡೆಯಲ್ಲಿರುವ ಹೆರಿಂಗ್ ಪಾಯಿಂಟ್ ಹೈಸ್ಕೂಲಿನ ಎರಡನೇ ಮಹಡಿಯಲ್ಲಿ ಗಣಿತದ ಕೋಣೆಗಳು ಎರಡೇ, ಅವೂ ಎದುರುಬದುರು. ಒಂದರಲ್ಲಿ ಆರ್ವಿಡ್ ನಿಯೆಮಿ ಪಾಠ ಮಾಡುತ್ತಾನೆ, ಇನ್ನೊಂದರಲ್ಲಿ ಅವನ ಹೆಂಡತಿ ಜೋಸೆಟ್. ಇಬ್ಬರೂ ಕಲಿಸುವುದು ಒಂಬತ್ತನೇ ತರಗತಿಯ ಬೀಜಗಣಿತವನ್ನೇ. ಆದರೆ ಎರಡೂ ಕೋಣೆ ಹೊಕ್ಕು ಬಂದವರಿಗೆ, ಅದು ಒಂದೇ ವಿಷಯ ಎಂದು ಆಣೆ ಮಾಡಿ ಹೇಳಿದರೂ ನಂಬಿಕೆ ಬರುವುದು ಕಷ್ಟ.

ಆರ್ವಿಡನ ಕೋಣೆಯಲ್ಲಿ ಮೇಜುಗಳೆಲ್ಲ ಸಾಲಾಗಿ ಬೋರ್ಡಿಗೆ ಮುಖ ಮಾಡಿ ಕೂತಿರುತ್ತವೆ. ಬೆಲ್ ಆಗುತ್ತಿದ್ದಂತೆ ನಿನ್ನೆಯ ಮನೆಲೆಕ್ಕ ತಿದ್ದುವುದು, ಆಮೇಲೆ ಹೊಸ ಸೂತ್ರ, ಆಮೇಲೆ ಅವನೇ ಬೋರ್ಡಿನ ಮೇಲೆ ಮಾಡಿ ತೋರಿಸುವ ಎರಡು ಉದಾಹರಣೆ, ಕೊನೆಗೆ ಪುಸ್ತಕದಲ್ಲಿನ ಬೆಸಸಂಖ್ಯೆಯ ಲೆಕ್ಕಗಳು. ಬೆಸಸಂಖ್ಯೆಯವೇ ಯಾಕೆಂದರೆ ಅವುಗಳ ಉತ್ತರ ಮಾತ್ರ ಪುಸ್ತಕದ ಹಿಂದೆ ಅಚ್ಚಾಗಿರುತ್ತದೆ. ಮಗು ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆಗಲೇ ನೋಡಿಕೊಳ್ಳಬೇಕು, ಕತ್ತಲಲ್ಲಿ ತಡಕಾಡುತ್ತ ಮನೆಗೆ ಹೋಗಬಾರದು ಎಂಬುದು ಅವನ ಹಟ. ಅವನು ಎಳೆಯುವ ಗೆರೆ ನೇರ, ಬರೆಯುವ ಅಕ್ಷರ ದುಂಡು, ಹೇಳುವ ಮಾತು ಒಂದೇ ಸಲ ಹೇಳಿದರೂ ತಲೆಗೆ ಹೋಗುವಂಥದ್ದು.

ಜೋಸೆಟ್‌ಳ ಕೋಣೆಗೆ ಹೋದರೆ ಮೊದಲು ಬಾಗಿಲಲ್ಲೇ ಒಂದು ಇಸ್ಪೀಟು ಎಲೆ ಕೈಗೆ ಬರುತ್ತದೆ. ಒಂದೇ ಅಂಕಿಯ ಎಲೆ ಬಂದವರೆಲ್ಲ ಒಂದು ಗುಂಪು. ಕೂರುವ ಮಾತೇ ಇಲ್ಲ. ನಾಲ್ಕೂ ಗೋಡೆಗೆ ಬೋರ್ಡು ಹೊಡೆಸಿದ್ದಾಳೆ, ಗುಂಪಿಗೊಂದು ಪೆನ್ನು, ದಿನಕ್ಕೊಂದು ಸಮಸ್ಯೆ. ಸೂತ್ರ ಯಾರೂ ಹೇಳಿಕೊಡುವುದಿಲ್ಲ, ಅದನ್ನು ಹುಡುಗರೇ ಅಗೆದು ತೆಗೆಯಬೇಕು. ಹೆಪ್ಪುಗಟ್ಟಿದ ಸರೋವರದ ಐಸಿನ ಮೇಲೆ ಕೂತು ಮೀನು ಹಿಡಿಯುವ ಗುಡಿಸಲನ್ನು ಬಾಡಿಗೆಗೆ ಕೊಡುವವರಲ್ಲಿ ಒಬ್ಬ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತಾನೆ, ಇನ್ನೊಬ್ಬ ಮೊದಲೇ ಒಂದಿಷ್ಟು ಇಸಿದುಕೊಂಡು ಗಂಟೆಗೆ ಕಡಿಮೆ ಕೇಳುತ್ತಾನೆ, ಯಾರ ಹತ್ತಿರ ಹೋಗುತ್ತೀರಿ ಎಂದು ಕೇಳಿ ಬಿಟ್ಟುಬಿಡುತ್ತಾಳೆ. ಗಲಾಟೆಯೋ ಗಲಾಟೆ. ಯಾವುದಾದರೂ ಹುಡುಗ ಗೋಗರೆಯುವ ದನಿಯಲ್ಲಿ "ಮಿಸ್, ಇದು ಸರಿಯಾ?" ಎಂದರೆ, "ನಿನಗೇನನ್ಸುತ್ತೆ?" ಎಂದು ಕೇಳಿ ಮುಂದಿನ ಗುಂಪಿಗೆ ನಡೆದುಬಿಡುತ್ತಾಳೆ.

ಊರು ಎರಡು ಪಕ್ಷವಾಗಿತ್ತು. ಈಗಿನ ತಂದೆತಾಯಿಗಳಲ್ಲಿ ಅರ್ಧ ಜನ ಆರ್ವಿಡನ ಹಳೇ ವಿದ್ಯಾರ್ಥಿಗಳೇ. ಬೇಕರಿಯಲ್ಲಿ ಕಡುಬಿನ ಹಾಗೆ ಮಾಂಸ ತುಂಬಿದ ಪ್ಯಾಸ್ಟಿ ಕೊಳ್ಳಲು ಸಾಲು ನಿಂತಾಗ ಯಾರಾದರೂ ಅವನನ್ನು ಕೆಣಕದೆ ಬಿಡುವುದಿಲ್ಲ.

"ಸರ್, ನಿಮ್ಮ ಹೆಂಡ್ತಿ ನಮ್ಮ ಹುಡುಗಂಗೆ ಉತ್ತರಾನೇ ಹೇಳಲ್ವಂತೆ?"

"ನನಗೂ ಹೇಳಲ್ಲ ಕಣಪ್ಪ. ಕಾರಿನ ಕೀ ಎಲ್ಲಿ ಅಂತ ಕೇಳಿದ್ರೆ, ನಿನಗೇನನ್ಸುತ್ತೆ ಅಂತಾಳೆ."

ಜೋಸೆಟ್ ಪಕ್ಕದಲ್ಲೇ ಇದ್ದರೆ ಅವಳೂ ಬಿಡುವವಳಲ್ಲ. "ಇವನ ಕಥೆ ಕೇಳಿ. ನನ್ನ ಮದುವೆಯಾಗು ಅಂತ ಕೇಳೋಕೆ ಮುಂಚೆ ಎರಡು ಉದಾಹರಣೆ ಕೊಟ್ಟಿದ್ದ. ಇವನಣ್ಣನ ಮದುವೆ ಒಂದು, ಪಾದ್ರಿ ಮಗಳದು ಇನ್ನೊಂದು."

ಇದೆಲ್ಲ ಹೊರಗಿನ ತಮಾಷೆ. ಒಳಗೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ಗೌರವವಿತ್ತು, ಆದರೆ ಬಾಯಿ ಬಿಟ್ಟು ಹೇಳಿದರೆ ಎಲ್ಲಿ ಸೋತಂತಾಗುತ್ತದೋ ಎಂಬ ಬಿಗುಮಾನ. ಒಂದು ದಿನ ಬೆಲ್ ಆದ ಮೇಲೂ ಜೋಸೆಟ್‌ಳ ಮಕ್ಕಳು ಅದೇ ಲೆಕ್ಕದ ಮೇಲೆ ಕಿತ್ತಾಡುತ್ತ ಮೆಟ್ಟಿಲು ಇಳಿದು ಹೋದದ್ದನ್ನು ಆರ್ವಿಡ್ ತನ್ನ ಬಾಗಿಲಲ್ಲಿ ನಿಂತು ನೋಡಿದ್ದ. ಅವನ ಮಕ್ಕಳು ಬೆಲ್ ಆಗುವ ಮೊದಲೇ ಚೀಲಕ್ಕೆ ಜಿಪ್ ಎಳೆದಿರುತ್ತಿದ್ದರು. ಅವತ್ತು ಅವನಿಗೆ ಹೊಟ್ಟೆ ಉರಿದದ್ದು ನಿಜ. ಜೋಸೆಟ್ ಮಾತ್ರ ಕಡಿಮೆಯವಳೇ? ಭಿನ್ನರಾಶಿಯಲ್ಲಿ ಮುಗ್ಗರಿಸಿ ಅಳುಮುಖ ಮಾಡುವ ಮಕ್ಕಳ ಕಿವಿಯಲ್ಲಿ, "ನಾಳೆ ಬೆಳಿಗ್ಗೆ ಬೆಲ್ಲಿಗೆ ಮುಂಚೆ ಎದುರು ಕೋಣೆಗೆ ಹೋಗು, ನಾನು ಕಳಿಸ್ದೆ ಅಂತ ಹೇಳ್ಬೇಡ," ಎನ್ನುತ್ತಿದ್ದಳು. ಆ ಮಕ್ಕಳು ಆರ್ವಿಡನ ಹತ್ತಿರ ಬಂದು ಕೂತು, ಅವನು ಒಂದೊಂದೇ ಸಾಲು ತೋರಿಸಿದಂತೆ ಉಸಿರು ಬಿಡುತ್ತಿದ್ದರು. ಯಾರು ಕಳಿಸಿದರೆಂದು ಅವನಿಗೆ ಗೊತ್ತಿರುತ್ತಿತ್ತು. ಅವನೂ ಕೇಳುತ್ತಿರಲಿಲ್ಲ.

ಇಂಥ ದಂಪತಿಗೆ ಒಬ್ಬಳೇ ಮಗಳು, ಲೆಂಪಿ. ಆರ್ವಿಡನ ಅಜ್ಜಿಯ ಹೆಸರನ್ನೇ ಅವಳಿಗೆ ಇಟ್ಟಿದ್ದರು. ಎಂಟನೇ ತರಗತಿ ಮುಗಿಸಿ, ಬೇಸಿಗೆ ಕಳೆದ ಮೇಲೆ ಹೈಸ್ಕೂಲಿಗೆ ಬರಬೇಕಾದವಳು. ಅವಳಿಗೆ ಹಡಗಿನ ಹುಚ್ಚು. ಸುಪೀರಿಯರ್ ಸರೋವರದಲ್ಲಿ ಅದಿರು ಹೊತ್ತು ಹೋಗುವ ಉದ್ದನೆಯ ಹಡಗುಗಳನ್ನು ಕಣ್ಣಿಂದ ನೋಡಬೇಕಾಗಿಲ್ಲ, ಕೂಗು ಕೇಳಿಯೇ ಹೆಸರು ಹೇಳುತ್ತಿದ್ದಳು. ಟ್ರಾವರ್ಸ್ ಸಿಟಿಯ ನಾವಿಕರ ಕಾಲೇಜಿಗೆ ಸೇರಿ ಅಂಥ ಹಡಗನ್ನು ತಾನೇ ನಡೆಸಬೇಕು ಎಂಬುದು ಅವಳ ಆಸೆ. ಅದಕ್ಕೆ ತ್ರಿಕೋನಮಿತಿ ಬೇಕು, ಹೈಸ್ಕೂಲು ಮುಗಿಯುವುದರೊಳಗೆ ಅಲ್ಲಿಗೆ ಮುಟ್ಟಬೇಕೆಂದರೆ ಒಂಬತ್ತನೇ ತರಗತಿಯಲ್ಲೇ ಬೀಜಗಣಿತ ಮುಗಿಸಿಕೊಳ್ಳಬೇಕು. ಇಷ್ಟು ಲೆಕ್ಕ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮಾರ್ಚಿನಲ್ಲಿ ಶಾಲೆಯಿಂದ ಚೀಟಿ ಬರುತ್ತದೆ. ಮಗು ಯಾವ ಬೀಜಗಣಿತಕ್ಕೆ ಹೋಗಬೇಕೆಂದು ಮನೆಯವರೇ ಗುರುತು ಹಾಕಿ ಕೊಡಬೇಕು, ತಂದೆತಾಯಿ ಇಬ್ಬರ ಸಹಿಯೂ ಬೇಕು. ಲೆಂಪಿ ಅಪ್ಪನ ಕೋಣೆಗೆ ಹೋಗುತ್ತಾಳೋ ಅಮ್ಮನ ಕೋಣೆಗೋ ಎಂದು ಊರೆಲ್ಲ ಕಣ್ಣಿಟ್ಟು ಕಾಯುತ್ತಿತ್ತು. ಹಾಕಿ ಮೈದಾನದ ಹೊರಗೆ ಒಂದಿಬ್ಬರು ಬಾಜಿಯನ್ನೂ ಕಟ್ಟಿದ್ದರಂತೆ.

"ನಾವಿಬ್ಬರೂ ಬಾಯಿ ಹಾಕೋದು ಬೇಡ. ಅವಳೇ ಆರಿಸ್ಲಿ," ಎಂದು ಜೋಸೆಟ್ ಹೇಳಿದಳು.

"ಖಂಡಿತ ಬೇಡ," ಎಂದ ಆರ್ವಿಡ್.

ಮಾತು ಕೊಟ್ಟ ಮರುದಿನವೇ ಇಬ್ಬರೂ ಮುರಿದರು. ಆರ್ವಿಡ್ ರಾತ್ರಿ ಊಟಕ್ಕೆ ಕೂತು, ಯಾರೋ ಹಳೇ ವಿದ್ಯಾರ್ಥಿನಿ ಈಗ ಡೆಟ್ರಾಯಿಟ್‌ನಲ್ಲಿ ಸೇತುವೆ ಕಟ್ಟುತ್ತಿದ್ದಾಳೆಂದೂ, ತಾನು ಕಲಿಸಿದ ಕ್ರಮವನ್ನೇ ಇವತ್ತಿಗೂ ನೆನೆಯುತ್ತಾಳೆಂದೂ, ಯಾರೂ ಕೇಳದೆ ಇದ್ದರೂ ಹೇಳಿದ. ಜೋಸೆಟ್ ಬಡಿಸಲೆಂದು ತಂದ ಪ್ಯಾಸ್ಟಿಯನ್ನು ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದು ನಿಂತು, "ಇದನ್ನ ಮೂರು ಜನಕ್ಕೆ ಸಮವಾಗಿ ಹಂಚೋದು ಹೇಗೆ ಹೇಳಿ ನೋಡೋಣ, ಒಂದು ತುದಿ ದಪ್ಪ ಇದೆ," ಎಂದಳು.

"ಪ್ರಚಾರ ನಡೀತಿದೆ!" ಆರ್ವಿಡ್ ಫೋರ್ಕು ಎತ್ತಿ ತೋರಿಸಿದ.

"ಮೊದಲು ಸೇತುವೆ ಕಟ್ಟಿದ್ದು ಯಾರಪ್ಪ ಮತ್ತೆ?" ಎಂದಳು ಜೋಸೆಟ್.

"ಉಪ್ಪು ಕೊಡಿ," ಎಂದಳು ಲೆಂಪಿ.

ಇಬ್ಬರೂ ನಗುತ್ತಿದ್ದರು. ಅವಳು ನಗುತ್ತಿಲ್ಲ ಎಂಬುದನ್ನು ಇಬ್ಬರೂ ನೋಡಲಿಲ್ಲ. ಇನ್ನೊಂದು ಸಂಗತಿಯನ್ನೂ ಇಬ್ಬರೂ ಗಮನಿಸಿರಲಿಲ್ಲ. ಲೆಂಪಿ ಮನೆಯಲ್ಲಿ ಗಣಿತದ ಒಂದು ಪ್ರಶ್ನೆ ಕೇಳಿ ಎರಡು ವರ್ಷವಾಗಿತ್ತು. ಇತಿಹಾಸ ಕೇಳುತ್ತಿದ್ದಳು, ಕಾಗುಣಿತ ಕೇಳುತ್ತಿದ್ದಳು, ಹಡಗಿನ ಲಂಗರು ಎಷ್ಟು ಟನ್ನು ಎಂದು ಕೇಳುತ್ತಿದ್ದಳು. ಗಣಿತದ ಪುಸ್ತಕ ಮಾತ್ರ ಮಹಡಿ ಮೇಲಿನ ಕೋಣೆಯಿಂದ ಕೆಳಗೆ ಬರುತ್ತಿರಲಿಲ್ಲ. ಆರ್ವಿಡ್ ಅದನ್ನು ಹೆಮ್ಮೆಯಿಂದ ಎಲ್ಲರ ಹತ್ತಿರ ಹೇಳಿಕೊಂಡಿದ್ದ: "ನಮ್ಮ ಹುಡುಗೀಗೆ ಯಾರ ಸಹಾಯಾನೂ ಬೇಡಪ್ಪ." ನೋಡಿ, ದಿನವಿಡೀ ಊರ ಮಕ್ಕಳ ಮುಖ ಓದುವ ಮನುಷ್ಯ ಮನೆಗೆ ಬಂದ ಕೂಡಲೇ ಕುರುಡನಾಗಿಬಿಡುತ್ತಾನೆ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಮಾರ್ಜ್ ಟ್ರೆವಾರೋ ಇಬ್ಬರನ್ನೂ ಕರೆಸಿದಳು. ಯಾವ ಮಗುವನ್ನು ಯಾವ ತರಗತಿಗೆ ಹಾಕಬೇಕೆಂದು ನೋಡಿಕೊಳ್ಳುವವಳು ಅವಳು. ಮೇಜಿನ ಮೇಲೆ ಲೆಂಪಿಯ ಚೀಟಿ ಇತ್ತು.

"ಗೆದ್ದವರು ಯಾರು, ಬೇಗ ಹೇಳ್ಬಿಡು ಮಾರ್ಜ್," ಎಂದು ಆರ್ವಿಡ್ ಕುರ್ಚಿ ಎಳೆದುಕೊಂಡ.

ಮಾರ್ಜ್ ನಗಲಿಲ್ಲ. "ಲೆಂಪಿ ನಿಮ್ಮಿಬ್ಬರ ಕ್ಲಾಸಿಗೂ ಗುರುತು ಹಾಕಿಲ್ಲ. ಡೆನ್ನಿ ಲಕಾಸ್ ಕ್ಲಾಸಿಗೆ ಹಾಕಿದಾಳೆ."

ಡೆನ್ನಿ ಲಕಾಸ್ ಹಾಕಿ ತಂಡದ ಕೋಚು. ಗಣಿತದಲ್ಲಿ ತೀರಾ ಹಿಂದುಳಿದ ಮಕ್ಕಳಿಗಾಗಿ ಒಂದು ವರ್ಷದ ಬೀಜಗಣಿತವನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ನಿಧಾನವಾಗಿ, ನೆಲಮಾಳಿಗೆಯ ಕೋಣೆಯಲ್ಲಿ ಕಲಿಸುತ್ತಾನೆ. ಒಳ್ಳೇ ಮನುಷ್ಯ, ಆದರೆ ಆ ಕೋಣೆಗೆ ಹೋದ ಯಾವ ಮಗುವೂ ತ್ರಿಕೋನಮಿತಿಯ ಮುಖ ನೋಡಿದ್ದಿಲ್ಲ.

"ಏನೋ ತಪ್ಪಾಗಿದೆ. ಗುರುತು ಪಕ್ಕದ ಚೌಕಕ್ಕೆ ಬಿದ್ದಿರ್ಬೇಕು," ಎಂದ ಆರ್ವಿಡ್.

"ನಾನೂ ಹಾಗೇ ಅಂದ್ಕೊಂಡೆ. ಅವಳನ್ನ ಕರೆದು ಕೇಳ್ದೆ. ಬೇಕು ಅಂತಾನೇ ಹಾಕಿದ್ದು ಅಂದ್ಲು. ಎಂಟನೇ ಕ್ಲಾಸಿನ ಟೀಚರ್‌ಗೂ ಫೋನ್ ಮಾಡ್ದೆ. ಈ ವರ್ಷ ಪರೀಕ್ಷೆಗಳಲ್ಲಿ ಅರ್ಧಕ್ಕರ್ಧ ಖಾಲಿ ಬಿಡ್ತಿದಾಳಂತೆ. ನಿಮಗೆ ಗೊತ್ತಿರುತ್ತೆ ಬಿಡಿ ಅಂತ ಆ ಟೀಚರ್ ನಿಮಗೆ ಹೇಳಿಲ್ಲ. ಮನೇಲೇ ಇಬ್ಬರಿದಾರಲ್ಲ ಅಂತ." ಮಾರ್ಜ್ ಚೀಟಿಯನ್ನು ಅವರ ಕಡೆಗೆ ಸರಿಸಿದಳು. "ಸೋಮವಾರ ಇಬ್ಬರ ಸಹಿ ಹಾಕಿ ತನ್ನಿ. ಇಲ್ಲಾಂದ್ರೆ ಅವಳ ಜೊತೆ ಮಾತಾಡಿ ಬದಲಾಯಿಸಿ ತನ್ನಿ."

ಲೆಂಪಿ ಗೆಳತಿಯ ಮನೆಗೆ ಹೋಗಿದ್ದಳು. ಹಾಗಾಗಿ ಮನೆ ಬಾಗಿಲು ಹಾಕಿಕೊಂಡ ಕೂಡಲೇ ಗಂಡಹೆಂಡಿರಿಗೆ ಜಗಳಕ್ಕೆ ಮೈದಾನ ಸಿಕ್ಕಿತು. ಈ ಸಲದ್ದು ಬೇಕರಿಯ ಮುಂದಿನ ತಮಾಷೆಯಲ್ಲ.

"ಇದು ನಿನ್ನ ಕೆಲಸ," ಎಂದ ಆರ್ವಿಡ್. "ಹುಟ್ಟಿದಾಗಿಂದ ಆ ಮಗೂಗೆ ಯಾವುದನ್ನೂ ನೇರವಾಗಿ ಹೇಳಿಲ್ಲ ನೀನು. ಹಸಿವಾಗ್ತಿದೆ ಅಂದ್ರೂ ಹೇಗೆ ಗೊತ್ತಾಯ್ತು ಅಂತ ಕೇಳ್ತೀಯ."

"ನನ್ನ ಕೆಲಸಾನಾ? ಅವಳು ಯೋಚ್ನೆ ಮಾಡೋಕೆ ಬಾಯಿ ತೆರೆಯೋಷ್ಟರಲ್ಲಿ ನೀನು ಉತ್ತರ ತುರುಕ್ತೀಯ! ಪರೀಕ್ಷೇಲಿ ಅಪ್ಪ ಪಕ್ಕದಲ್ಲಿಲ್ಲ, ಇನ್ನೇನು ಮಾಡ್ತಾಳೆ, ಖಾಲಿ ಬಿಡ್ತಾಳೆ."

"ಮೊದಲನೇ ಹೆಜ್ಜೆ ಗೊತ್ತಿದ್ದಿದ್ರೆ ಖಾಲಿ ಬಿಡ್ತಿರ್ಲಿಲ್ಲ!"

"ಹೆದರಿಕೆ ಇಲ್ದಿದ್ರೆ ಖಾಲಿ ಬಿಡ್ತಿರ್ಲಿಲ್ಲ!"

ಹೀಗೆ ಬಹಳ ಹೊತ್ತು ನಡೆಯಿತು. ಇಬ್ಬರೂ ಹೇಳಿದ್ದರಲ್ಲಿ ಅಷ್ಟಿಷ್ಟು ನಿಜವಿತ್ತು, ಅದಕ್ಕೇ ಇಬ್ಬರಿಗೂ ಚುಚ್ಚಿತು. ಕೊನೆಗೆ ಜೋಸೆಟ್ ಸಿಂಕಿನ ಮುಂದೆ ನಿಂತು, ಬೆನ್ನು ತಿರುಗಿಸಿಕೊಂಡೇ, "ಅವಳಿಗೆ ಹಡಗು ಬೇಡ್ವಾ ಹಾಗಾದ್ರೆ?" ಎಂದಳು.

ಮರುದಿನ ಶನಿವಾರ, ಸೌನಾದ, ಅಂದರೆ ಹಬೆಸ್ನಾನದ ದಿನ. ಮನೆಯ ಹಿಂದೆ, ಹಿಮದಲ್ಲಿ ಅರ್ಧ ಹೂತ ಪುಟ್ಟ ಮರದ ಮನೆ. ಒಳಗೆ ಒಲೆ, ಒಲೆಯ ಮೇಲೆ ಕಾದ ಕಲ್ಲುಗಳು, ಕೂತು ಬೆವರಲು ಮೆಟ್ಟಿಲಂಥ ಹಲಗೆಗಳು, ಹೊರಗಡೆ ಬಟ್ಟೆ ಕಳಚುವ ಸಣ್ಣ ಕೋಣೆ. ಅದನ್ನು ಕಟ್ಟಿಸಿದವಳು ಆರ್ವಿಡನ ಅಜ್ಜಿ, ಹಳೇ ಲೆಂಪಿ. ಅವಳದ್ದೊಂದು ಕಟ್ಟಪ್ಪಣೆ ಇತ್ತು: ಸೌನಾದಲ್ಲಿ ಜಗಳವಿಲ್ಲ, ಎದುರು ಮಾತಿಲ್ಲ. ಒಬ್ಬರು ಮಾತಾಡಿದರೆ ಉಳಿದವರು ಕೇಳಬೇಕು, ಇಷ್ಟವಿಲ್ಲದಿದ್ದರೆ ಕಲ್ಲಿನ ಮೇಲೆ ಇನ್ನೊಂದು ಚೊಂಬು ನೀರು ಹಾಕಿಕೊಂಡು ಸುಮ್ಮನಿರಬೇಕು. ಅಜ್ಜಿ ಹೋಗಿ ಎಷ್ಟೋ ವರ್ಷವಾದರೂ ಆ ಅಪ್ಪಣೆಯನ್ನು ಆ ಮನೆಯಲ್ಲಿ ಯಾರೂ ಮೀರಿರಲಿಲ್ಲ. ಇಗರ್ಜಿಯಲ್ಲಿ ಗುಸುಗುಸು ಮಾತಾಡಿಯಾರು, ಸೌನಾದಲ್ಲಿ ಇಲ್ಲ.

ಮೊದಲು ಹೆಂಗಸರು, ಆಮೇಲೆ ಗಂಡಸರು. ತಾಯಿ ಮಗಳು ಒಳಗೆ ಹೋದರು. ಆರ್ವಿಡ್ ಸೌದೆ ತಂದು ಹಾಕುವ ನೆಪದಲ್ಲಿ ಹೊರಕೋಣೆಯ ಬೆಂಚಿನ ಮೇಲೆ ಕೂತ. ನಡುವೆ ಇದ್ದದ್ದು ಒಂದು ಮರದ ಬಾಗಿಲು ಮಾತ್ರ.

ಕಲ್ಲಿನ ಮೇಲೆ ನೀರು ಬಿದ್ದ ಸದ್ದಾಯಿತು. ಆಮೇಲೆ ಜೋಸೆಟ್‌ಳ ದನಿ. "ಲೆಂಪಿ, ಡೆನ್ನಿ ಕ್ಲಾಸನ್ನೇ ಆರಿಸ್ಕೊಂಡೆ ಅಂದ್ರೆ, ನಿನಗೆ ಏನು—"

"ಅಮ್ಮ, ಪ್ರಶ್ನೆ ಕೇಳ್ಬೇಡ."

"ಸರಿ. ಕೇಳಲ್ಲ."

"ಅಪ್ಪ, ನೀನು ಹೊರಗಡೆ ಕೂತಿದೀಯ ತಾನೆ?"

ಆರ್ವಿಡ್ ಗಂಟಲು ಸರಿಮಾಡಿಕೊಂಡ. "ಸೌದೆ ತಂದೆ ಪುಟ್ಟ."

"ಕೂತ್ಕೋ. ಆದ್ರೆ ಅಜ್ಜಿ ನಿಯಮ ಬಾಗಿಲ ಆಚೆಗೂ ಇದೆ."

"ಇದೆ," ಎಂದ ಅವನು.

"ಆರನೇ ಕ್ಲಾಸಲ್ಲಿ ಒಂದಿನ ಊಟದ ಹೊತ್ತಲ್ಲಿ ಭಿನ್ನರಾಶಿ ಭಾಗಾಕಾರ ಕೇಳಿದ್ದೆ," ಎಂದು ಲೆಂಪಿ ಶುರು ಮಾಡಿದಳು. ದನಿ ನಡುಗುತ್ತಿರಲಿಲ್ಲ, ಎಷ್ಟೋ ದಿನದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದ ಮಾತಿನಂತಿತ್ತು. "ನಿಮಗೆ ನೆನಪಿರಲ್ಲ. ಎರಡನೇದನ್ನ ತಲೆಕೆಳಗು ಮಾಡಿ ಗುಣಿಸು ಅಂತ ಅಪ್ಪ ತೋರಿಸ್ದ. ನನಗೆ ಬಂತು. ಖುಷಿಯಾಗಿತ್ತು ಅಪ್ಪ, ನಿಜವಾಗ್ಲೂ. ಅಷ್ಟರಲ್ಲಿ ಅಮ್ಮ, ಯಾಕೆ ತಲೆಕೆಳಗು ಮಾಡ್ಬೇಕು ಅಂತ ಗೊತ್ತಾ ಅಂದ್ಲು. ಅದೂ ನನಗೆ ಬೇಕಿತ್ತು ಅಮ್ಮ. ನನಗೂ ಯಾಕೆ ಅಂತ ಅನ್ಸಿತ್ತು. ಆದ್ರೆ ನೀನು ಕೇಳಿದ್ದು ನನ್ನನ್ನಲ್ಲ, ಅಪ್ಪನ್ನ."

ಒಳಗೆ ಕಲ್ಲಿನ ಮೇಲೆ ಇನ್ನೊಂದು ಚೊಂಬು ನೀರು ಬಿದ್ದ ಸದ್ದಾಯಿತು.

"ಆಮೇಲೆ ಊಟ ಮುಗಿಯೋವರೆಗೂ ನೀವಿಬ್ಬರೇ. ಅಮ್ಮ ಏನೋ ಚಿತ್ರ ಬರೆಯೋಕೆ ಅಂತ ನನ್ನ ಪೆನ್ಸಿಲ್ಲೂ ಕಿತ್ಕೊಂಡ್ಲು. ನಾನು ಎದ್ದು ಮೇಲೆ ಹೋದೆ. ನೀವು ನೋಡ್ಲಿಲ್ಲ. ಕೆಳಗೆ ನಗ್ತಾ ಇದ್ರಿ."

ಆರ್ವಿಡನಿಗೆ ಆ ಸಂಜೆ ನೆನಪಿತ್ತು. ಬಹಳ ಸೊಗಸಾದ ಸಂಜೆ ಎಂದೇ ನೆನಪಿತ್ತು. ಎಷ್ಟೋ ಕಾಲದ ಮೇಲೆ ಹೆಂಡತಿಯ ಜೊತೆ ಕಾಲೇಜು ದಿನಗಳ ಹಾಗೆ ವಾದ ಮಾಡಿದ್ದ. ಆ ಮೇಜಿನಲ್ಲಿ ಮೂರನೆಯವಳೊಬ್ಬಳು ಇದ್ದಳು ಎಂಬುದೇ ಆ ನೆನಪಿನಲ್ಲಿ ಇರಲಿಲ್ಲ.

"ಆವತ್ತಿಂದ ಯಾವುದಾದ್ರೂ ಲೆಕ್ಕ ಬರ್ಲಿಲ್ಲ ಅಂದ್ರೆ, ಯಾರನ್ನ ಕೇಳಿದ್ರೆ ಯಾರಿಗೆ ಬೇಜಾರಾಗುತ್ತೋ ಅಂತ ಯೋಚ್ನೆ ಮಾಡೋದ್ರಲ್ಲೇ ಹೊತ್ತಾಗುತ್ತೆ. ಪರೀಕ್ಷೇಲೂ ಅಷ್ಟೆ. ಅಪ್ಪನ ಥರ ಮಾಡ್ಲಾ, ಅಮ್ಮನ ಥರಾನಾ ಅಂತ ಕೂತ್ಕೋತೀನಿ, ಬೆಲ್ ಆಗುತ್ತೆ. ಇಬ್ಬರು ಗಣಿತದ ಟೀಚರ್ ಮಗಳು ನಾನು. ನನಗೆ ಲೆಕ್ಕ ಬರಲ್ಲ ಅಂತ ಯಾರ ಹತ್ರ ಹೇಳ್ಲಿ?" ಈಗ ಮೊದಲ ಸಲ ಅವಳ ದನಿ ಒಡೆಯಿತು. "ನಾನು ದಡ್ಡಿ ಅಂತ ಊರಿಗೆಲ್ಲ ಗೊತ್ತಾದ್ರೂ ಪರವಾಗಿಲ್ಲ. ಡೆನ್ನಿ ಕ್ಲಾಸಲ್ಲಿ ತಪ್ಪು ಮಾಡಿದ್ರೆ ಅದು ನನ್ನ ತಪ್ಪು. ಅಪ್ಪ ಸೋತ ಹಾಗಲ್ಲ, ಅಮ್ಮ ಸೋತ ಹಾಗಲ್ಲ."

ಆರ್ವಿಡನ ನಾಲಗೆ ತುದಿಯಲ್ಲಿ ಮಾತುಗಳು ಸಾಲುಗಟ್ಟಿ ನಿಂತಿದ್ದವು. ನೀನು ದಡ್ಡಿಯಲ್ಲ ಎಂದು ಹೇಳಬೇಕು. ಆ ಲೆಕ್ಕ ಮಾಡುವ ಕ್ರಮ ಹೀಗೆ ಎಂದು ಹೇಳಬೇಕು. ತ್ರಿಕೋನಮಿತಿ ಇಲ್ಲದೆ ಹಡಗಿಲ್ಲ, ಯೋಚನೆ ಮಾಡು ಎಂದು ಹೇಳಬೇಕು. ಒಂದನ್ನೂ ಹೇಳುವಂತಿಲ್ಲ. ಅಜ್ಜಿ ಬದುಕಿದ್ದಾಗ ಕೂಡ ಅವಳ ನಿಯಮ ಅವನಿಗೆ ಇಷ್ಟು ಕಷ್ಟವಾಗಿರಲಿಲ್ಲ. ಅವನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಸುಮ್ಮನೆ ಕೂತ. ಒಳಗೆ ಮಗಳು ಅಳುತ್ತಿರುವುದೂ, ಜೋಸೆಟ್ ಒಂದು ಪ್ರಶ್ನೆಯನ್ನೂ ಕೇಳದೆ ಬರೀ "ಬಾ, ಬಾ ಇಲ್ಲಿ" ಎನ್ನುತ್ತಿರುವುದೂ ಕೇಳಿಸುತ್ತಿತ್ತು.

ಅವರು ಟವೆಲ್ ಸುತ್ತಿಕೊಂಡು ಹೊರಬರುವ ಮೊದಲು ಅವನು ಅಂಗಳಕ್ಕೆ ಹೋಗಿ ನಿಂತ. ಅವರು ಮನೆಯೊಳಕ್ಕೆ ಹೋದ ಮೇಲೆ ತನ್ನ ಸರದಿಗೆ ಒಳಹೊಕ್ಕು, ಮೇಲಿನ ಹಲಗೆಯ ಮೇಲೆ ಒಬ್ಬನೇ ಕೂತ. ನಮ್ಮ ಹುಡುಗಿಗೆ ಯಾರ ಸಹಾಯವೂ ಬೇಡ ಎಂದು ಎಷ್ಟು ಜನರ ಮುಂದೆ ಎದೆಯುಬ್ಬಿಸಿ ಹೇಳಿದ್ದನೋ ಅವೆಲ್ಲ ಒಂದೊಂದಾಗಿ ನೆನಪಾದವು. ಪಾಠ ಹೇಳುವುದು ಎಂದರೆ ಮಗುವಿಗೆ ದಾರಿ ತೋರಿಸುವುದು ಎಂದು ನಂಬಿದವನು ಅವನು, ಇವತ್ತಿಗೂ ಅದೇ ನಂಬಿಕೆ. ಆದರೆ ಈ ಎರಡು ವರ್ಷ ಅವನು ದಾರಿ ತೋರಿಸುತ್ತಿದ್ದದ್ದು ಜೋಸೆಟ್‌ಗೆ, ತಾನೇ ಸರಿ ಎಂದು ಅವಳ ಬಾಯಿಂದ ಹೇಳಿಸಲಿಕ್ಕೆ. ಅವನಿಗೆ ಅಳು ಬಂತು. ಯಾರೂ ಇಲ್ಲದ್ದರಿಂದ ಅತ್ತ. ಅತ್ತು ಮುಗಿದ ಮೇಲೆ ಹೊರಗೆ ಬಂದು ಮುಖಕ್ಕೆ ಹಿಮ ಉಜ್ಜಿಕೊಂಡು ಮನೆಗೆ ನಡೆದ.

ಅಡುಗೆಮನೆಯಲ್ಲಿ ಕಾಫಿ ಕಾಯುತ್ತಿತ್ತು. ಸೌನಾ ಆದ ಮೇಲೆ ಕಾಫಿ ಮತ್ತು ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಇರಲೇಬೇಕು. ಲೆಂಪಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬ್ರೆಡ್ಡಿನ ಅಂಚು ಕೀಳುತ್ತಿದ್ದಳು. ಚೀಟಿ ಮೇಜಿನ ಮಧ್ಯದಲ್ಲಿತ್ತು.

ಆರ್ವಿಡ್ ಕೂರಲೂ ಇಲ್ಲ. ಪೆನ್ನು ತೆಗೆದು, ಬಗ್ಗಿ, ಡೆನ್ನಿ ಲಕಾಸನ ತರಗತಿಯ ಗುರುತಿನ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಸಹಿ ಹಾಕಿದ. ಯಾವ ಉಪದೇಶವನ್ನೂ ಮಾಡಲಿಲ್ಲ. ಅವನಿಗೆ ಗೊತ್ತಿದ್ದ ಮಟ್ಟಿಗೆ ಇದು ತಪ್ಪು ಉತ್ತರ. ಎದುರಿಗಿದ್ದ ತಪ್ಪು ಉತ್ತರವನ್ನು ತಿದ್ದದೆ ಬಿಟ್ಟದ್ದು ಅವನ ಜನ್ಮದಲ್ಲಿ ಅದೇ ಮೊದಲು. ಪೆನ್ನನ್ನು ಹೆಂಡತಿಯ ಕಡೆಗೆ ಚಾಚಿದ.

ಜೋಸೆಟ್ ಪೆನ್ನು ತೆಗೆದುಕೊಂಡಳು, ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಅಲ್ಲಿಗೇ ನಿಂತಳು.

"ನನ್ನ ಕೈಲಾಗಲ್ಲ," ಎಂದಳು.

"ಅಮ್ಮ."

"ನನ್ನ ಕೈಲಾಗಲ್ಲ ಲೆಂಪಿ. ಹಡಗು ಏನಾಗುತ್ತೆ?"

ಆರ್ವಿಡ್ ಮೆಲ್ಲಗೆ ಹೇಳಿದ. "ಮಕ್ಕಳನ್ನ ತಪ್ಪು ಮಾಡೋಕೆ ಬಿಡ್ಬೇಕು ಅಂತ ದಿನಾ ಹೇಳೋಳು ನೀನೇ ಅಲ್ವೇನೇ?"

"ಅದು ಬೇರೆಯವರ ಮಕ್ಕಳು ಕಣೋ!"

ಮೊದಲು ನಕ್ಕವಳು ಲೆಂಪಿ. ಬಾಯಲ್ಲಿದ್ದ ಬ್ರೆಡ್ಡು ಗಂಟಲಿಗೆ ಸಿಕ್ಕಿ ಕೆಮ್ಮುತ್ತ ನಕ್ಕಳು. ಆರ್ವಿಡ್ ಅವಳ ಬೆನ್ನು ತಟ್ಟುತ್ತ ತಾನೂ ನಕ್ಕ. ಜೋಸೆಟ್‌ಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ತನ್ನ ಕೋಣೆಯಲ್ಲಿ ಗೋಗರೆದ ಅಷ್ಟೂ ಮಕ್ಕಳಿಗೆ ಬೆನ್ನು ತಿರುಗಿಸಿ ನಡೆದು ಹೋಗುವುದು ಎಷ್ಟು ಸುಲಭವಾಗಿತ್ತು ಎಂದು ಅವಳಿಗೆ ಅವತ್ತು ಅರಿವಾಯಿತು. ತೋಳಿ‌ನಿಂದ ಕಣ್ಣೊರೆಸಿಕೊಂಡು, ಚೀಟಿಯ ಮೇಲೆ ಸೊಟ್ಟಸೊಟ್ಟಗೆ ಸಹಿ ಮಾಡಿ, ಮಗಳ ಮುಂದೆ ಸರಿಸಿದಳು.

ಲೆಂಪಿ ಎರಡೂ ಸಹಿಯನ್ನು ನೋಡಿದಳು. ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಹೋಗಿ ಕಪಾಟಿನಿಂದ ನಾಲ್ಕು ಕಾಫಿ ಕಪ್ಪು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ನಾವು ಮೂರೇ ಜನ," ಎಂದ ಆರ್ವಿಡ್.

"ಕಾಫಿಗಲ್ಲ. ಇವು ಹೈಸ್ಕೂಲಿನ ನಾಲ್ಕು ವರ್ಷ." ಅವಳು ಮೊದಲ ಎರಡು ಕಪ್ಪುಗಳನ್ನು ಮುಟ್ಟಿದಳು. "ಒಂಬತ್ತು, ಹತ್ತು. ಡೆನ್ನಿ ಹತ್ರ ಬೀಜಗಣಿತ, ಎರಡೂ ಭಾಗ. ಹನ್ನೊಂದರಲ್ಲಿ ಮುಂದಿನ ಬೀಜಗಣಿತ. ಹನ್ನೆರಡರಲ್ಲಿ ತ್ರಿಕೋನಮಿತಿ. ಮಧ್ಯೆ ರೇಖಾಗಣಿತ ಬಿಟ್ಟುಹೋಗುತ್ತಲ್ಲ, ಅದನ್ನ ಪಕ್ಕದೂರಿನ ಶಾಲೇಲಿ ಬೇಸಿಗೇಲಿ ಮಾಡ್ತಾರೆ. ಮಾರ್ಜ್ ಹತ್ರ ಕೇಳ್ಕೊಂಡು ಬಂದೆ, ನಿಮಗೆ ಹೇಳ್ಬೇಡಿ ಅಂತಾನೂ ಅಂದಿದ್ದೆ." ಒಂದು ಚಮಚ ತೆಗೆದು ಮೊದಲ ಕಪ್ಪಿಗೂ ಎರಡನೇ ಕಪ್ಪಿಗೂ ನಡುವೆ ಮಲಗಿಸಿದಳು. "ಇದು ಬೇಸಿಗೆ. ಹೀಗೆ ಮಾಡಿದ್ರೆ ಟ್ರಾವರ್ಸ್ ಸಿಟಿಗೆ ಹೊತ್ತಿಗೆ ಸರಿಯಾಗಿ ಮುಟ್ತೀನಿ."

ಗಂಡಹೆಂಡಿರಿಬ್ಬರೂ ಕಪ್ಪುಗಳನ್ನೇ ನೋಡುತ್ತಿದ್ದರು. ಆ ಕೋಣೆಯಿಂದ ತ್ರಿಕೋನಮಿತಿಗೆ ದಾರಿಯಿಲ್ಲ ಎಂದು ಇಬ್ಬರೂ ಇಷ್ಟು ವರ್ಷ ನಂಬಿಕೊಂಡಿದ್ದರು. ಒಬ್ಬರೂ ಹುಡುಕಿರಲಿಲ್ಲ.

"ಇದನ್ನ ಮೊದಲೇ ಯಾಕೆ ತೋರಿಸ್ಲಿಲ್ಲ ಪುಟ್ಟ?" ಎಂದ ಆರ್ವಿಡ್. "ನಿನ್ನೆಯಿಂದ ಪ್ರಾಣ ಹೋಗಿತ್ತು ನಮಗೆ."

"ಮೊದಲೇ ತೋರಿಸಿದ್ರೆ ನೀನು ತಿದ್ತಿದ್ದೆ. ಅಮ್ಮ ಇನ್ನೊಂದು ದಾರಿ ಇದೆಯಾ ನೋಡು ಅಂತಿದ್ಲು. ನೀವು ಸುಮ್ನೆ ಸಹಿ ಹಾಕ್ತೀರಾ ಇಲ್ವಾ ಅಂತ ನೋಡ್ಬೇಕಿತ್ತು."

ಆರ್ವಿಡನ ಕಣ್ಣು ಆಗಲೇ ಚಮಚದ ಮೇಲಿತ್ತು. ಅಭ್ಯಾಸ, ಏನು ಮಾಡುವುದು. ಬೀಜಗಣಿತದ ಎರಡೂ ಭಾಗ ಮುಗಿಯದೆ ಬೇಸಿಗೆಯ ರೇಖಾಗಣಿತಕ್ಕೆ ಸೇರಿಸಿಕೊಳ್ಳುವುದಿಲ್ಲ. ಚಮಚ ಇರಬೇಕಾದದ್ದು ಒಂದು ಕಪ್ಪು ಆಚೆಗೆ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಬೆರಳಲ್ಲಿ ತಳ್ಳಿದರೆ ಮುಗಿಯಿತು. ಜೋಸೆಟ್ ಕೂಡ ಅದನ್ನೇ ನೋಡುತ್ತಿದ್ದಳು, ಅವನು ನೋಡುತ್ತಿರುವುದನ್ನೂ ನೋಡುತ್ತಿದ್ದಳು. ಅವನು ಕೈಗಳೆರಡನ್ನೂ ಮೇಜಿನ ಕೆಳಗೆ ಇಟ್ಟುಕೊಂಡ.

ಲೆಂಪಿ ಇಬ್ಬರ ಮುಖವನ್ನೂ ಓದಿದಳು. ಹಣೆ ಗಂಟಿಕ್ಕಿದಳು.

"ಅಪ್ಪ, ಇದರಲ್ಲಿ ತಪ್ಪಿದೆಯಾ?"

ಆರ್ವಿಡನನ್ನು ಎಷ್ಟೋ ಮಕ್ಕಳು ಇದೇ ಪ್ರಶ್ನೆಯನ್ನು ದಿನಕ್ಕೆ ಎಷ್ಟೋ ಸಲ ಕೇಳಿದ್ದರು. ಅವನ ಮಗಳು ಕೇಳಿ ಎರಡು ವರ್ಷವಾಗಿತ್ತು.

"ಇದೆ," ಎಂದ. "ಒಂದೇ ಒಂದು."

"ಎಲ್ಲಿ ಅಂತ ಹೇಳ್ಬೇಡ."

"ಹೇಳಲ್ಲ."

"ಅಮ್ಮ, ನೀನೂ ಏನೂ ಕೇಳ್ಬೇಡ. ಆದ್ರೆ ಎದ್ದು ಹೋಗ್ಬೇಡ."

"ಇಲ್ಲೇ ಇರ್ತೀನಿ," ಎಂದಳು ಜೋಸೆಟ್.

ಲೆಂಪಿ ಮೊಣಕೈ ಊರಿ ಕಪ್ಪುಗಳ ಮೇಲೆ ಬಾಗಿದಳು. ಟವೆಲ್ ಜಾರಿ ಒದ್ದೆ ಕೂದಲು ಮುಖದ ಮೇಲೆ ಬಿತ್ತು, ಅದನ್ನು ಸರಿಸಿಕೊಳ್ಳಲೂ ಇಲ್ಲ. ಮೇಜಿನ ಕೆಳಗೆ ಜೋಸೆಟ್ ಗಂಡನ ಕೈಯನ್ನು ಹುಡುಕಿ ಬಿಗಿಯಾಗಿ ಹಿಡಿದುಕೊಂಡಳು. ಒಲೆಯ ಮೇಲೆ ಕಾಫಿ ಉಕ್ಕಿ ಚುರುಗುಟ್ಟಿತು, ಇಬ್ಬರೂ ಏಳಲಿಲ್ಲ.